ಮೊದಲು ಚಂದ್ರ, ಆಮೇಲೆ ಮೇಣದಬತ್ತಿ: ವಿಚ್‌ಕ್ರಾಫ್ಟ್‌ಗೆ ಹೊಸಬರಾದವರಿಗೆ

"ವಿಚ್‌ಕ್ರಾಫ್ಟ್ ಕಲೀಬೇಕು, ಮೊದಲು ಏನೇನು ತಗೋಬೇಕು?" ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು. ಮೂರು ತಿಂಗಳು ಏನನ್ನೂ ಕೊಳ್ಳಬೇಡಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಮನೆಯಲ್ಲಿ ಇದ್ದೇ ಇರುತ್ತದೆ. ಶುರು ಮಾಡಲು ಅಷ್ಟು ಸಾಕು.

ನಾನು ಸಾಗರದ ಕಡೆಯವಳು. ಹತ್ತು ವರ್ಷದಿಂದ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೇನೆ. ಇದರ ಪರಿಚಯವಾಗಿದ್ದು ಏಳು ವರ್ಷದ ಹಿಂದೆ, ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ. ಅವರ ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟಲು ಉಪ್ಪು, ಒಂದು ಹಕ್ಕಿಗರಿ, ರೋಸ್ಮೆರಿಯ ನಾಲ್ಕು ಕಡ್ಡಿ ಇದ್ದವು. ಉಪ್ಪು ಯಾಕೆ ಎಂದು ಕೇಳಿದೆ. "ಮನೆ ಹಗುರಾಗಲಿ ಅಂತ" ಎಂದರು. ನನಗೆ ನಮ್ಮಮ್ಮ ದೃಷ್ಟಿ ತೆಗೆಯುತ್ತಿದ್ದ ಉಪ್ಪು, ಮೆಣಸಿನಕಾಯಿ ನೆನಪಾಯಿತು. ಮಾತು ಅಲ್ಲಿಂದ ಶುರುವಾಯಿತು. ಆಮೇಲೆ ನಾನು ದುಡ್ಡು ಕಳೆದುಕೊಂಡೆ, ಅವಸರ ಮಾಡಿದೆ, ಕೆಲವು ಸಲ ಹೆದರಿದೆ. ಅದೆಲ್ಲ ನಿಮಗೆ ಆಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ಕನ್ನಡದಲ್ಲಿ ವಿಚ್ ಅಂದರೆ ಮಾಟಗಾತಿ ಎನ್ನುತ್ತೇವೆ. ಆ ಪದದೊಳಗೇ ಮಾಟ ಇದೆ. ಮಾಟ ಅಂದರೆ ಇನ್ನೊಬ್ಬರಿಗೆ ಕೇಡು ಮಾಡಿಸುವುದು. ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣು, ಸೂಜಿ ಚುಚ್ಚಿದ ಗೊಂಬೆ, ಅದನ್ನು ದಾಟಬೇಡ ಎಂದು ಕೈ ಹಿಡಿದು ಎಳೆಯುವ ಅಜ್ಜಿ. ನಾನು ಇಲ್ಲಿ ಹೇಳುತ್ತಿರುವುದು ಅದಲ್ಲ. ಅದಕ್ಕೇ ವಿಚ್‌ಕ್ರಾಫ್ಟ್ ಎಂಬ ಪದವನ್ನೇ ಇಟ್ಟುಕೊಂಡಿದ್ದೇನೆ.

ಇವತ್ತು ಜನ ಆಚರಿಸುವ ವಿಚ್‌ಕ್ರಾಫ್ಟ್‌ನ ಬಹುಭಾಗ ಇಂಗ್ಲೆಂಡಿನಲ್ಲಿ 20ನೇ ಶತಮಾನದಲ್ಲಿ ರೂಪುಗೊಂಡದ್ದು. ಅದರಲ್ಲಿ ವಿಕ್ಕಾ ಎನ್ನುವುದು ಒಂದು ಧರ್ಮ. ಅದಕ್ಕೆ ದೇವಿ ಇದ್ದಾಳೆ, ಕೊಂಬಿನ ದೇವರಿದ್ದಾನೆ, ಹಬ್ಬಗಳಿವೆ, ದೀಕ್ಷೆ ಇದೆ. ವಿಚ್‌ಕ್ರಾಫ್ಟ್ ಎನ್ನುವುದು ಕಸುಬು: ಚಂದ್ರನ ಲೆಕ್ಕ ಹಿಡಿದು, ದೀಪ ಹಚ್ಚಿ, ದಿಕ್ಕುಗಳನ್ನು ಕರೆದು, ಕೋರಿಕೊಳ್ಳುವ ಕೆಲಸ. ಹಾಗಾಗಿ ವಿಚ್ ಎಂದುಕೊಂಡವರೆಲ್ಲ ವಿಕ್ಕಾದವರಲ್ಲ. ದೇವರನ್ನೇ ನಂಬದೆ ಇದನ್ನು ಮಾಡುವವರೂ ಇದ್ದಾರೆ. ಇವೆಲ್ಲಕ್ಕೂ ಮೇಲಿನ ದೊಡ್ಡ ಕೊಡೆ ಪೇಗನ್ ಎಂಬ ಹೆಸರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು. ಸುಮಾರು 13,000 ಜನ ವಿಕ್ಕಾ ಎಂದು ಬರೆಸಿದರು. ಸೈತಾನನ ಪೂಜೆ ಇದರಲ್ಲಿ ಇಲ್ಲ. ಸೈತಾನ ಕ್ರೈಸ್ತ ನಂಬಿಕೆಯ ಪಾತ್ರ, ವಿಕ್ಕಾದಲ್ಲಿ ಅವನಿಗೆ ಜಾಗವೇ ಇಲ್ಲ.

ಇದು ಹೊಸದು, ಅದನ್ನು ಒಪ್ಪಿಕೊಂಡೇ ಬನ್ನಿ

ಈ ಭಾಗವನ್ನು ಓದದೆ ಮುಂದೆ ಹೋಗಬೇಡಿ. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

ವಿಕ್ಕಾವನ್ನು ಲೋಕದ ಮುಂದಿಟ್ಟವರು ಜೆರಾಲ್ಡ್ ಗಾರ್ಡ್‌ನರ್ ಎಂಬ ಇಂಗ್ಲಿಷ್ ಮನುಷ್ಯ. ಅವರು 1884ರಲ್ಲಿ ಹುಟ್ಟಿದರು. ಸಿಲೋನ್, ಬೋರ್ನಿಯೋ, ಮಲಯಾಗಳಲ್ಲಿ ಕೆಲಸ ಮಾಡಿ, ಮಲಯಾದ ಕಸ್ಟಮ್ಸ್ ಇಲಾಖೆಯಿಂದ ನಿವೃತ್ತರಾಗಿ ಊರಿಗೆ ಮರಳಿದರು. 1939ರಲ್ಲಿ ನ್ಯೂ ಫಾರೆಸ್ಟ್ ಎಂಬ ಕಾಡಿನ ಪ್ರದೇಶದಲ್ಲಿ ಹಳೆಯ ವಿಚ್‌ಗಳ ಗುಂಪೊಂದು ತಮಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡರು. ಆಗ 1735ರ ವಿಚ್‌ಕ್ರಾಫ್ಟ್ ಕಾಯಿದೆ ಇನ್ನೂ ಜಾರಿಯಲ್ಲಿತ್ತು. ಮಂತ್ರಶಕ್ತಿ ಇದೆ ಎಂದು ಹೇಳಿಕೊಳ್ಳುವವರನ್ನು ಶಿಕ್ಷಿಸುವ ಕಾನೂನು ಅದು. 1951ರಲ್ಲಿ ಅದು ರದ್ದಾಯಿತು. 1954ರಲ್ಲಿ ಗಾರ್ಡ್‌ನರ್ ತಮ್ಮ ಪುಸ್ತಕ ಹೊರತಂದರು, ವಿಷಯ ಲೋಕಕ್ಕೆ ಗೊತ್ತಾಯಿತು.

1953ರಲ್ಲಿ ಅವರಿಂದ ದೀಕ್ಷೆ ಪಡೆದವರು ಡೋರೀನ್ ವ್ಯಾಲಿಯೆಂಟೆ. ನನ್ನ ಮಟ್ಟಿಗೆ ಈ ಹಾದಿಯ ನಿಜವಾದ ಕವಿ ಅವರೇ. ಗಾರ್ಡ್‌ನರ್ ಕೊಟ್ಟ ಕೈಬರಹದ ಪುಸ್ತಕದಲ್ಲಿ ಬೇರೆಯವರ ಸಾಲುಗಳು ಸೇರಿಕೊಂಡಿವೆ ಎಂದು ಅವರು ಗುರುತಿಸಿದರು. ಗುರುತಿಸಿ ಸುಮ್ಮನಾಗಲಿಲ್ಲ, ಕೂತು ಹೊಸದಾಗಿ ಬರೆದರು. ದೇವಿಯ ಬಾಯಲ್ಲಿ ಹೇಳಿಸುವ ಆ ಗದ್ಯವನ್ನು ಇವತ್ತಿಗೂ ಹುಣ್ಣಿಮೆಯ ರಾತ್ರಿ ಓದುತ್ತಾರೆ. ಅವರು ತೀರಿಕೊಂಡದ್ದು 1999ರಲ್ಲಿ. ಬ್ರೈಟನ್‌ನಲ್ಲಿ ಅವರು ವಾಸವಿದ್ದ ಕಟ್ಟಡಕ್ಕೆ 2013ರಲ್ಲಿ ನೀಲಿ ಫಲಕ ಹಾಕಿದರು. ಹೆಸರಾದವರು ಬಾಳಿದ ಮನೆಗೆ ಇಲ್ಲಿ ಗೌರವಕ್ಕೆ ಹಾಕುವ ಫಲಕ ಅದು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, "ಇದು ಶಿಲಾಯುಗದಿಂದ ಒಂದೇ ಸಮನೆ ಬಂದ ಧರ್ಮ" ಎಂದು ಹೇಳುವವರು ನಿಮಗೆ ಖಂಡಿತ ಸಿಗುತ್ತಾರೆ. 1921ರಲ್ಲಿ ಮಾರ್ಗರೆಟ್ ಮರ್ರಿ ಎಂಬ ವಿದ್ವಾಂಸೆ ಅಂಥ ವಾದ ಮುಂದಿಟ್ಟಿದ್ದರು. ಇತಿಹಾಸಕಾರರು ಆಮೇಲೆ ಅದನ್ನು ಒಪ್ಪಲಿಲ್ಲ. ಹಾಗೆಯೇ "ಯುರೋಪಿನಲ್ಲಿ 90 ಲಕ್ಷ ವಿಚ್‌ಗಳನ್ನು ಸುಟ್ಟರು" ಎಂಬ ಮಾತೂ ತಪ್ಪು. ವಿಚ್ ಎಂಬ ಆರೋಪ ಹೊರಿಸಿ ಕೊಂದವರ ಸಂಖ್ಯೆ ಇತಿಹಾಸಕಾರರ ಅಂದಾಜಿನಲ್ಲಿ 40,000ದಿಂದ 60,000. ಇಂಗ್ಲೆಂಡಿನಲ್ಲಿ ಅವರನ್ನು ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರು ಬಡ ಹೆಂಗಸರು, ಮುದುಕಿಯರು, ನೆರೆಯವರ ಜೊತೆ ಜಗಳವಾಡಿಕೊಂಡವರು. ಅವರು ತಮ್ಮನ್ನು ವಿಚ್ ಎಂದುಕೊಂಡಿರಲಿಲ್ಲ. ನಾವೆಲ್ಲ ಅವರ ವಂಶ ಎಂದು ಹೇಳಿಕೊಂಡರೆ ಅದು ಅವರಿಗೇ ಮಾಡುವ ಅನ್ಯಾಯ.

ಎಪ್ಪತ್ತು ಚಿಲ್ಲರೆ ವರ್ಷದ ಹಾದಿ ಎಂದು ತಿಳಿದಾಗ ನನಗೆ ಬೇಜಾರಾಗಲಿಲ್ಲ, ಧೈರ್ಯ ಬಂತು. ವ್ಯಾಲಿಯೆಂಟೆ ಬರೆಯಬಹುದಾದರೆ ನಾನೂ ನನ್ನ ಮಾತನ್ನು ಬರೆದುಕೊಳ್ಳಬಹುದು.

ಮೊದಲ ಹೆಜ್ಜೆ: ಚಂದ್ರನ ಲೆಕ್ಕ

ಇಲ್ಲಿನವರಿಗಿಂತ ನಾವು ಒಂದು ಹೆಜ್ಜೆ ಮುಂದಿದ್ದೇವೆ. ಇಂಗ್ಲಿಷಿನಲ್ಲಿ ಚಂದ್ರನಿಗೆ ಎಂಟು ಹಂತದ ಹೆಸರಿವೆ. ನಮ್ಮಲ್ಲಿ ದಿನಕ್ಕೊಂದು ಹೆಸರಿದೆ. ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂದು ಅಜ್ಜಿ ಬೆರಳು ಮಡಚಿ ಎಣಿಸುತ್ತಿದ್ದದ್ದು ನೆನಪಿದೆ ಅಲ್ವಾ? ಅದೇ ನಿಮ್ಮ ಮೊದಲ ಪಾಠ.

ಇವತ್ತಿನಿಂದ ಒಂದು ಇಡೀ ಸುತ್ತು, ಅಂದರೆ ಇಪ್ಪತ್ತೊಂಬತ್ತೂವರೆ ದಿನ, ಪ್ರತಿದಿನ ಹೊರಗೆ ಹೋಗಿ ಚಂದ್ರನನ್ನು ಹುಡುಕಿ. ಆ್ಯಪ್ ನೋಡಬೇಡಿ, ಆಕಾಶ ನೋಡಿ. ಬಿದಿಗೆ, ತದಿಗೆಯ ಎಳೆ ಚಂದ್ರ ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಕಾಣುತ್ತದೆ. ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಏಳುತ್ತದೆ. ಚಂದ್ರ ಹುಟ್ಟುವುದು ದಿನಾ ಸರಾಸರಿ ಐವತ್ತು ನಿಮಿಷ ತಡ. ಕೃಷ್ಣಪಕ್ಷದಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗಲೂ ಕಾಣುತ್ತದೆ, ಯಾರೂ ತಲೆ ಎತ್ತುವುದಿಲ್ಲ ಅಷ್ಟೆ.

ಊರಲ್ಲಿ ಬಿದಿಗೆ ಚಂದ್ರ ದೋಣಿಯ ಹಾಗೆ ಮಲಗಿರುತ್ತಿತ್ತು. ಬ್ರಿಸ್ಟಲ್‌ನಲ್ಲಿ ಅದು ಸಾಮಾನ್ಯವಾಗಿ ಜಾಸ್ತಿ ನೆಟ್ಟಗೆ ನಿಂತಿರುತ್ತದೆ. ಇಲ್ಲಿಗೆ ಬಂದು ಮೂರು ವರ್ಷವಾದರೂ ನಾನು ಅದನ್ನು ಗಮನಿಸಿರಲಿಲ್ಲ. ಚಳಿಗಾಲದ ಹುಣ್ಣಿಮೆ ಚಂದ್ರ ನೆತ್ತಿಯ ಹತ್ತಿರ ಹೋಗುತ್ತದೆ, ಬೇಸಿಗೆಯದು ಮನೆಗಳ ಮಾಡಿನ ಮೇಲೇ ಜಾರಿಕೊಂಡು ಹೋಗುತ್ತದೆ. ನೋಡುತ್ತಾ ನೋಡುತ್ತಾ ಇದು ನನ್ನದೂ ಊರು ಎಂದು ಮೊದಲ ಸಲ ಅನ್ನಿಸಿತು.

ವಿಚ್‌ಕ್ರಾಫ್ಟ್‌ನಲ್ಲಿ ಚಂದ್ರ ಬೆಳೆಯುವಾಗ ಬೆಳೆಯಬೇಕಾದ ಕೆಲಸ ಶುರು ಮಾಡುತ್ತಾರೆ. ಹುಣ್ಣಿಮೆಗೆ ಪೂಜೆ, ಕೃತಜ್ಞತೆ. ಚಂದ್ರ ಕರಗುವಾಗ ಬಿಡಬೇಕಾದ್ದನ್ನು ಬಿಡುವ ಕೆಲಸ. ಅಮಾವಾಸ್ಯೆಗೆ ಹಲವರು ಸುಮ್ನೆ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ.

ಎರಡನೆಯದು: ನೋಟ್‌ಬುಕ್ಕು

ಇದಕ್ಕೆ ಬುಕ್ ಆಫ್ ಶಾಡೋಸ್ ಎನ್ನುತ್ತಾರೆ. ಚರ್ಮದ ರಟ್ಟಿನ ಪುಸ್ತಕ ಬೇಡ, ನೂರು ಪುಟದ ಗೆರೆ ಹಾಕಿದ ನೋಟ್‌ಬುಕ್ ಸಾಕು. ದಿನಕ್ಕೆ ನಾಲ್ಕು ಸಾಲು. ತಿಥಿ, ಹವೆ, ಮನಸ್ಸು ಹೇಗಿತ್ತು, ಗಿಡಮರದಲ್ಲಿ ಕಂಡದ್ದು. ನನ್ನ ಮೊದಲ ತಿಂಗಳ ಒಂದು ಪುಟ ಹೀಗಿದೆ: "ಗುರುವಾರ. ದಶಮಿ. ಮೋಡ, ಚಂದ್ರ ಕಾಣಲಿಲ್ಲ. ಮನಸ್ಸು ಭಾರ. ಬಸ್‌ಸ್ಟಾಪಿನ ಗೋಡೆಯ ರೋಸ್ಮೆರಿ ಹೂ ಬಿಟ್ಟಿದೆ."

ಕನಸು ಬಿದ್ದರೆ ಬರೆಯಿರಿ. ಏನಾದರೂ ಕೋರಿಕೊಂಡಿದ್ದರೆ ಏನು ಕೋರಿಕೊಂಡೆ, ಆಮೇಲೆ ಏನಾಯಿತು, ಎರಡನ್ನೂ ಬರೆಯಿರಿ. ಆಗಲಿಲ್ಲ ಎಂದಾದರೆ ಅದನ್ನೂ ಬರೆಯಿರಿ. ಆದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಮನಸ್ಸಿನ ಚಾಳಿ. ಪುಸ್ತಕ ನಿಮ್ಮನ್ನು ಪ್ರಾಮಾಣಿಕವಾಗಿ ಇಡುತ್ತದೆ.

ಮೂರನೆಯದು: ಸಾಮಾನು

ಮೂರು ತಿಂಗಳಾಯಿತೇ? ಈಗಲೂ ಅಂಗಡಿಗೆ ಹೋಗಬೇಡಿ, ಅಡುಗೆಮನೆಗೆ ಹೋಗಿ. ಒಂದು ಬಟ್ಟಲು ಉಪ್ಪು, ಅದು ನೆಲ. ಒಂದು ಲೋಟ ನೀರು. ಒಂದು ಮೇಣದಬತ್ತಿ ಅಥವಾ ದೀಪ, ಅದು ಬೆಂಕಿ. ಒಂದು ಊದಿನಕಡ್ಡಿ, ಅದು ಗಾಳಿ. ಮುಗಿಯಿತು.

ಪುಸ್ತಕಗಳಲ್ಲಿ ಅಥಾಮೆ ಎಂಬ ಕಪ್ಪು ಹಿಡಿಯ ಚಾಕುವಿನ ಮಾತು ಬರುತ್ತದೆ. ಅದರಲ್ಲಿ ಏನನ್ನೂ ಕತ್ತರಿಸುವುದಿಲ್ಲ, ಪೂಜೆಗೆ ಕೂರುವ ಜಾಗದ ಸುತ್ತ ವೃತ್ತ ಎಳೆಯಲು ಮಾತ್ರ. ಹೊಸಬರಿಗೆ ತೋರುಬೆರಳೇ ಸಾಕು. ಬ್ರಿಟನ್ನಿನಲ್ಲಿ ಇರುವವರು ಇದನ್ನು ಗಮನಿಸಿ: ಅಂಥ ಚಾಕುವನ್ನು ಸರಿಯಾದ ಕಾರಣವಿಲ್ಲದೆ ಬ್ಯಾಗಿನಲ್ಲಿಟ್ಟುಕೊಂಡು ರಸ್ತೆಗೆ ಹೋದರೆ ಅದು ಅಪರಾಧ.

ಬಿಳಿ ಸೇಜ್ ಎಂಬ ಸೊಪ್ಪಿನ ಕಟ್ಟನ್ನು ಎಲ್ಲೆಡೆ ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಅದು ಕ್ಯಾಲಿಫೋರ್ನಿಯಾ ಕಡೆಯ ಗಿಡ, ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದದ್ದು. ಈ ಬೇಡಿಕೆಯಿಂದಾಗಿ ಕಾಡಿನಿಂದ ಕದ್ದು ಕೊಯ್ಯುತ್ತಿದ್ದಾರೆ. ನಮ್ಮ ಸಾಂಬ್ರಾಣಿ ಇರುವಾಗ ಅದರ ಹಂಗು ಯಾಕೆ?

ಟ್ಯಾರೋ ಕಾರ್ಡು ಬೇಕೆಂದಿದ್ದರೆ ಆರು ತಿಂಗಳ ನಂತರ ತಗೊಳ್ಳಿ. ಎಪ್ಪತ್ತೆಂಟು ಕಾರ್ಡು. 15ನೇ ಶತಮಾನದ ಇಟಲಿಯಲ್ಲಿ ಅದು ಇಸ್ಪೀಟಿನಂಥ ಆಟವಾಗಿತ್ತು, ಭವಿಷ್ಯ ಹೇಳಲು ಬಳಸಿದ್ದು ಬಹಳ ಆಮೇಲೆ. ಹೊಸಬರಿಗೆ ಒಳ್ಳೆಯದು 1909ರ ಪ್ಯಾಕು, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದದ್ದು. ಪ್ರತಿ ಕಾರ್ಡಿನಲ್ಲೂ ಒಂದು ಸನ್ನಿವೇಶವಿರುವುದರಿಂದ ಬಾಯಿಪಾಠ ಮಾಡದೆ ನೋಡಿಯೇ ಕಲಿಯಬಹುದು.

ನಾಲ್ಕನೆಯದು: ಮೊದಲ ವೃತ್ತ

ಹುಣ್ಣಿಮೆಯ ಸಂಜೆ ಆರಿಸಿಕೊಳ್ಳಿ. ಅರ್ಧ ಗಂಟೆ ಯಾರೂ ಕರೆಯದ ಹೊತ್ತು ಬೇಕು. ಫೋನು ಬೇರೆ ಕೋಣೆಯಲ್ಲಿಡಿ. ಸ್ನಾನ ಮಾಡಿ, ನೆಲ ಗುಡಿಸಿ. ಗುಡಿಸುವುದೂ ಇದರ ಭಾಗವೇ, ವಿಚ್‌ನ ಪೊರಕೆ ಇರುವುದು ಅದಕ್ಕೇ.

ನೀರಿಗೆ ಮೂರು ಚಿಟಿಕೆ ಉಪ್ಪು ಹಾಕಿ, ಆ ನೀರನ್ನು ಸುತ್ತಲೂ ಬೆರಳಿನಿಂದ ಚಿಮುಕಿಸಿ. ಊದಿನಕಡ್ಡಿ ಹಚ್ಚಿ ಅದರ ಹೊಗೆಯನ್ನೂ ಒಂದು ಸುತ್ತು ಒಯ್ಯಿರಿ. ಈಗ ಪೂರ್ವದಲ್ಲಿ ನಿಂತು ತೋರುಬೆರಳು ಚಾಚಿ ನಿಧಾನಕ್ಕೆ ಪ್ರದಕ್ಷಿಣೆಯ ದಿಕ್ಕಿನಲ್ಲಿ ಒಂದು ಸುತ್ತು ಬನ್ನಿ. ಬೆರಳ ತುದಿಯಿಂದ ಬೆಳಕಿನ ಗೆರೆ ಬೀಳುತ್ತಿದೆ ಎಂದು ಮನಸ್ಸಿನಲ್ಲಿ ಕಾಣಿ. ನೀವೀಗ ವೃತ್ತದ ಒಳಗಿದ್ದೀರಿ.

ಆಮೇಲೆ ನಾಲ್ಕು ದಿಕ್ಕನ್ನು ಕರೆಯಬೇಕು. ವಿಕ್ಕಾದಲ್ಲಿ ಪೂರ್ವ ಗಾಳಿ, ದಕ್ಷಿಣ ಬೆಂಕಿ, ಪಶ್ಚಿಮ ನೀರು, ಉತ್ತರ ನೆಲ. ಇಲ್ಲಿ ನಮ್ಮವರು ತಡಬಡಿಸುತ್ತಾರೆ. ನಮ್ಮ ವಾಸ್ತು ಲೆಕ್ಕದಲ್ಲಿ ಬೆಂಕಿ ಆಗ್ನೇಯ, ಗಾಳಿ ವಾಯವ್ಯ. ಪಶ್ಚಿಮಕ್ಕೆ ವರುಣ, ಅದೊಂದು ಹೊಂದುತ್ತದೆ. ಎರಡನ್ನೂ ಬೆರೆಸಬೇಡಿ. ಅಟ್ಲಾಂಟಿಕ್ ಸಮುದ್ರ ಇಂಗ್ಲೆಂಡಿನ ಪಶ್ಚಿಮಕ್ಕಿದೆ, ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುತ್ತಾನೆ. ಆ ನೆಲದಲ್ಲಿ ಈ ಲೆಕ್ಕ ಹೊಂದುತ್ತದೆ.

ಪುಸ್ತಕದ ಇಂಗ್ಲಿಷ್ ಸಾಲುಗಳನ್ನು ಓದಿದಾಗ ನನಗೆ ಗಂಟಲಿನಿಂದ ಮಾತು ಬಂತು, ಎದೆಯಿಂದ ಬರಲಿಲ್ಲ. ನಾಲ್ಕನೇ ಹುಣ್ಣಿಮೆಗೆ ಕನ್ನಡದಲ್ಲಿ ಕರೆದೆ.

"ಮೂಡಣದ ಗಾಳಿಯೇ, ಬಾ, ಉಸಿರಾಗಿ ನಿಲ್ಲು. ತೆಂಕಣದ ಬೆಂಕಿಯೇ, ಬಾ, ಬಿಸಿಯಾಗಿ ನಿಲ್ಲು. ಪಡುವಣದ ನೀರೇ, ಬಾ, ನೆನಪಾಗಿ ನಿಲ್ಲು. ಬಡಗಣದ ನೆಲವೇ, ಬಾ, ಮೂಳೆಯಾಗಿ ನಿಲ್ಲು."

ಇಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿತ್ತು. ನಿಮ್ಮ ಮನಸ್ಸು ಯಾವ ಮಾತಿನಲ್ಲಿ ಬೇಡಿಕೊಳ್ಳುತ್ತದೋ ಆ ಮಾತಿನಲ್ಲೇ ಕರೆಯಿರಿ. ಇವೇ ಸಾಲು ಬೇಕೆಂದಿಲ್ಲ, ನಿಮ್ಮವನ್ನು ನೀವೇ ಕಟ್ಟಿಕೊಳ್ಳಿ.

ಈಗ ಕೂತುಕೊಳ್ಳಿ. ಮೊದಲ ಸಲ ಏನನ್ನೂ ಕೇಳಬೇಡಿ. ದೀಪ ನೋಡಿ, ಉಸಿರು ನೋಡಿ. ದೇವಿಯನ್ನು ನಂಬುವವರು ಅವಳನ್ನು ನೆನೆಯಿರಿ. ಹತ್ತು ನಿಮಿಷ ಸಾಕು. ಆಮೇಲೆ ಏನಾದರೂ ತಿನ್ನಿ, ಕುಡಿಯಿರಿ. ಇಲ್ಲಿನವರು ಕೇಕು, ವೈನು ಇಡುತ್ತಾರೆ, ನಾನು ಕೊಬ್ಬರಿ ಬೆಲ್ಲ, ಹಾಲು ಇಡುತ್ತೇನೆ. ತಿನ್ನುವುದನ್ನು ಬಿಡಬೇಡಿ, ತೇಲುತ್ತಿರುವ ಮನಸ್ಸು ನೆಲಕ್ಕೆ ಬರುವುದೇ ಅದರಿಂದ.

ಕೊನೆಗೆ ಕರೆದವರನ್ನೆಲ್ಲ ಕಳಿಸಿಕೊಡಬೇಕು. ನಾಲ್ಕು ದಿಕ್ಕಿಗೂ ಕೈ ಮುಗಿದು "ಬಂದಿರಿ, ಸಂತೋಷ, ಹೋಗಿ ಬನ್ನಿ" ಎನ್ನಿ. ಅಪ್ರದಕ್ಷಿಣೆಯಾಗಿ ಒಂದು ಸುತ್ತು ಬಂದು ಗೆರೆಯನ್ನು ಬಿಚ್ಚಿ. ದೀಪ ಆರಿಸಿ. ಏನನ್ನಿಸಿತು ಎಂದು ಆಗಲೇ ಬರೆದಿಡಿ, ಬೆಳಿಗ್ಗೆಗೆ ಮರೆತುಹೋಗುತ್ತದೆ.

ಆಸ್ಟ್ರೇಲಿಯಾ, ನ್ಯೂಜಿಲ್ಯಾಂಡಿನಲ್ಲಿರುವವರಿಗೆ ಒಂದು ಮಾತು. ಅಲ್ಲಿ ಸೂರ್ಯ ಉತ್ತರದಲ್ಲಿ ಸಾಗುವುದರಿಂದ ಹಲವರು ಬೆಂಕಿಯನ್ನು ಉತ್ತರಕ್ಕೆ ಇಟ್ಟು, ವೃತ್ತವನ್ನು ಉಲ್ಟಾ ಎಳೆಯುತ್ತಾರೆ.

ಐದನೆಯದು: ಕೋರಿಕೆ

ಸ್ಪೆಲ್ ಎನ್ನುವುದಕ್ಕೆ ನಾನು ಕೋರಿಕೆ ಎನ್ನುತ್ತೇನೆ. ಹೊಸಬರಿಗೆ ನಾನು ಹೇಳಿಕೊಡುವುದು ಮೆಂತ್ಯದ ಕೋರಿಕೆ.

ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಂಡ ದಿನ ಒಂದು ಚಮಚ ಮೆಂತ್ಯ ನೀರಿನಲ್ಲಿ ನೆನೆಹಾಕಿ. ಮರುದಿನ ಒಂದು ಚಿಕ್ಕ ಕುಂಡ ತಗೊಳ್ಳಿ. ನಿಮ್ಮ ಕೋರಿಕೆಯನ್ನು ಒಂದೇ ವಾಕ್ಯದಲ್ಲಿ ಚೀಟಿಯಲ್ಲಿ ಬರೆದು ಮಣ್ಣಿನ ಕೆಳಗಿಡಿ. ಮೇಲೆ ಮೆಂತ್ಯ ಹರಡಿ, ತೆಳ್ಳಗೆ ಮಣ್ಣು ಮುಚ್ಚಿ. ದಿನಾ ನೀರು ಹಾಕುವಾಗ ಆ ವಾಕ್ಯ ಹೇಳಿಕೊಳ್ಳಿ. ಮತ್ತೆ ಇದು ಮುಖ್ಯ: ಆ ದಿನ ಅದಕ್ಕಾಗಿ ಒಂದು ಕೆಲಸ ಮಾಡಿ. ಕೆಲಸ ಬೇಕೆಂದಿದ್ದರೆ ಒಂದು ಅರ್ಜಿ ಹಾಕಿ. ಮುರಿದ ಸ್ನೇಹ ಬೇಕೆಂದಿದ್ದರೆ ಒಂದು ಮೆಸೇಜು ಕಳಿಸಿ. ಹುಣ್ಣಿಮೆಯ ಹೊತ್ತಿಗೆ ಸೊಪ್ಪು ಎರಡು ಮೂರು ಇಂಚು ಬಂದಿರುತ್ತದೆ. ಕತ್ತರಿಸಿ ಸಾರಿಗೆ ಹಾಕಿ ತಿನ್ನಿ.

ಮೆಂತ್ಯಕ್ಕೆ ಕೆಲಸ ಕೊಡಿಸುವ ಶಕ್ತಿ ಇದೆಯಾ ಎಂದು ಕೇಳಿದರೆ ನಾನು ಹೌದು ಎಂದು ಆಣೆ ಮಾಡುವುದಿಲ್ಲ. ಹನ್ನೆರಡು ದಿನ ಒಂದೇ ವಿಷಯಕ್ಕೆ ಮನಸ್ಸು ಕೊಟ್ಟು, ಹನ್ನೆರಡು ಕೆಲಸ ಮಾಡಿದ ಮನುಷ್ಯ ಮೊದಲಿನ ಹಾಗೆ ಇರುವುದಿಲ್ಲ. ಅದನ್ನು ನನ್ನ ಮೇಲೇ ನೋಡಿದ್ದೇನೆ.

ವಿಕ್ಕಾದ ನೀತಿ ಒಂದು ಸಾಲಿನದು: ಯಾರಿಗೂ ಕೇಡಾಗದಿದ್ದರೆ ನಿನ್ನ ಇಷ್ಟದಂತೆ ಮಾಡು. ಅದರಂತೆ, ಇನ್ನೊಬ್ಬರ ಮನಸ್ಸು ತಿರುಗಿಸುವ ಕೋರಿಕೆ ಬೇಡ. "ಅವನು ನನ್ನನ್ನೇ ಪ್ರೀತಿಸಲಿ" ಎನ್ನುವುದು ನಮ್ಮ ಊರಿನ ವಶೀಕರಣವೇ. ಒಬ್ಬರ ಕಾಯಿಲೆ ವಾಸಿಯಾಗಲಿ ಎಂದು ಕೋರುವುದಾದರೂ ಅವರನ್ನು ಕೇಳಿ ಮಾಡಿ. ಡಾಕ್ಟರ ಔಷಧಿ ನಿಲ್ಲಿಸುವ ಮಾತು ಯಾವತ್ತೂ ಬೇಡ.

ಬೆಂಕಿ, ಸೊಪ್ಪು, ಕಲ್ಲು

ನನ್ನ ಎರಡನೇ ವೃತ್ತದಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಮೇಣದಬತ್ತಿ ಪರದೆಗೆ ತಾಗಿತು. ವಾಸನೆ ಬಂದು ಕಣ್ಣು ಬಿಟ್ಟಾಗ ಅಂಚು ಅಂಗೈ ಅಗಲ ಸುಟ್ಟಿತ್ತು. ಉಪ್ಪುನೀರಿನ ಬಟ್ಟಲು ಪಕ್ಕದಲ್ಲೇ ಇದ್ದದ್ದರಿಂದ ಉಳಿದೆ. ಅವತ್ತಿನಿಂದ ದೀಪವನ್ನು ಅಗಲವಾದ ತಟ್ಟೆಯಲ್ಲಿ ಮರಳು ಹಾಕಿ ಇಡುತ್ತೇನೆ, ಪರದೆಯಿಂದ ಮೂರಡಿ ದೂರ. ಹೊಗೆಯ ಅಲಾರಂ ಹೊಡೆದುಕೊಂಡರೆ ಅದನ್ನು ಬಿಚ್ಚಿಡಬೇಡಿ, ಊದಿನಕಡ್ಡಿಯನ್ನೇ ಬಿಟ್ಟುಬಿಡಿ. ಉರಿಯುವ ದೀಪ ಬಿಟ್ಟು ಮಲಗಬೇಡಿ.

ಹಳೆಯ ಕಥೆಗಳಲ್ಲಿ ವಿಚ್‌ಗಳ ಹಾರುವ ಮುಲಾಮು ಬರುತ್ತದೆ. ಅದರಲ್ಲಿ ಹೇಳುವ ಬೆಲ್ಲಡೋನ, ನಮ್ಮ ಕಡೆಯ ಉಮ್ಮತ್ತಿ, ಎಲ್ಲ ಪ್ರಾಣ ತೆಗೆಯುವ ವಿಷ. ಮುಟ್ಟಬೇಡಿ. ಬಸುರಿಯರು ಗೊತ್ತಿಲ್ಲದ ಸೊಪ್ಪಿನ ಕಷಾಯ ಕುಡಿಯಬಾರದು. ಮನೆಯಲ್ಲಿ ಬೆಕ್ಕಿದ್ದರೆ ಟೀ ಟ್ರೀ ಎಣ್ಣೆ ಬೇಡ, ಅದಕ್ಕೆ ವಿಷ. ಕಲ್ಲುಗಳನ್ನು ಕುಡಿಯುವ ನೀರಿನಲ್ಲಿ ಹಾಕಿಡುವ ರೂಢಿಯೂ ಇದೆ. ಮ್ಯಾಲಕೈಟ್‌ನಲ್ಲಿ ತಾಮ್ರ ಇದೆ, ಗೆಲೀನಾದಲ್ಲಿ ಸೀಸ ಇದೆ. ಕಲ್ಲು ಕೈಯಲ್ಲಿರಲಿ, ಲೋಟದಲ್ಲಿ ಬೇಡ.

ವರ್ಷದ ಎಂಟು ಹಬ್ಬ

ಅಕ್ಟೋಬರ್ 31ಕ್ಕೆ ಸಾವಿನ್, ಡಿಸೆಂಬರ್ 21ರ ಸುಮಾರಿಗೆ ಯೂಲ್, ಫೆಬ್ರವರಿ ಮೊದಲಿಗೆ ಇಂಬೊಲ್ಕ್, ಮಾರ್ಚ್ 20ರ ಸುಮಾರಿಗೆ ಒಸ್ಟಾರಾ, ಮೇ 1ಕ್ಕೆ ಬೆಲ್ಟೇನ್, ಜೂನ್ 21ರ ಸುಮಾರಿಗೆ ಲಿಥಾ, ಆಗಸ್ಟ್ 1ಕ್ಕೆ ಲೂನಸಾ, ಸೆಪ್ಟೆಂಬರ್ 22ರ ಸುಮಾರಿಗೆ ಮೇಬನ್. ನಾಲ್ಕು ಸೂರ್ಯನ ಲೆಕ್ಕದವು, ನಾಲ್ಕು ಹೊಲ, ದನಕುರಿಗಳ ಲೆಕ್ಕದವು. ಎಂಟನ್ನೂ ಮೊದಲ ವರ್ಷವೇ ಮಾಡಬೇಕೆಂದಿಲ್ಲ. ಒಂದನ್ನು ಮನಸ್ಸಿಟ್ಟು ಮಾಡಿ.

ನನ್ನದು ಸಾವಿನ್. ಇದು ಗೇಲಿಕ್ ಪದ, ಬರೆಯುವುದು ಬೇರೆ ಥರ, ಹೇಳುವುದು ಹೀಗೆ. ಸತ್ತವರನ್ನು ನೆನೆಯುವ ರಾತ್ರಿಗೆ ಸಾವಿನ್ ಎಂಬ ಹೆಸರು! ಎರಡು ಭಾಷೆಗೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ಮೊದಲ ಸಲ ಪಕ್ಕದ ಮನೆಯ ಅಜ್ಜಿಯ ಬಾಯಲ್ಲಿ ಕೇಳಿದಾಗ ಮೈ ಜುಮ್ಮೆಂದಿತ್ತು. ಅವರು ಗಂಡನ ಫೋಟೋ ಮುಂದೆ ಒಂದು ಖಾಲಿ ತಟ್ಟೆ, ಕುರ್ಚಿ ಇಟ್ಟು, ಅವರಿಗೆ ಇಷ್ಟದ ಸೇಬಿನ ಕಡುಬು ಬಡಿಸಿದರು. ಯಾರೂ ಮಾತಾಡದೆ ಊಟ ಮಾಡಿದೆವು. ನಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುತ್ತಿದ್ದದ್ದು ಕಣ್ಣಿಗೆ ಬಂತು.

ಕರ್ನಾಟಕದಲ್ಲಿರುವವರು ಈ ಚಕ್ರವನ್ನು ಬಲವಂತವಾಗಿ ಹೊಂದಿಸಬೇಡಿ. ಮೇ 1 ಇಲ್ಲಿ ಹೂವಿನ ಹಬ್ಬ, ಅಲ್ಲಿ ಸುಡುಬಿಸಿಲು. ನಿಮ್ಮ ಬಾವಿಯ ನೀರು ಯಾವಾಗ ಏರುತ್ತದೆ, ಮೊದಲ ಮಳೆ ಯಾವಾಗ, ಮಾವು ಯಾವಾಗ ಹೂ ಬಿಡುತ್ತದೆ, ಅದನ್ನು ಬರೆದಿಡಿ. ಒಂದು ವರ್ಷ ಬರೆದರೆ ನಿಮ್ಮ ಚಕ್ರ ನಿಮಗೇ ಸಿಗುತ್ತದೆ.

ಗುಂಪು ಸೇರುವ ಮೊದಲು

ಗುಂಪಿಗೆ ಕವೆನ್ ಎನ್ನುತ್ತಾರೆ. ಒಂಟಿಯಾಗಿ ಮಾಡುವವರೂ ತುಂಬಾ ಜನ, ಅದು ಕಡಿಮೆಯದಲ್ಲ. ಗಾರ್ಡ್‌ನರ್ ಪರಂಪರೆಯಲ್ಲಿ ದೀಕ್ಷೆಗೆ ಮೊದಲು ಒಂದು ವರ್ಷ ಒಂದು ದಿನ ಕಾಯಿಸುವ ರೂಢಿ ಇದೆ. ಮೂರು ಮೆಟ್ಟಿಲಿನ ದೀಕ್ಷೆ, ಅದಕ್ಕೆ ಹಣ ಪಡೆಯುವುದಿಲ್ಲ. ಆ ಪರಂಪರೆಯ ಹಲವು ಕವೆನ್‌ಗಳಲ್ಲಿ ಬಟ್ಟೆಯಿಲ್ಲದೆ ಆಚರಣೆ ಮಾಡುತ್ತಾರೆ. ಇದನ್ನು ಮೊದಲೇ ಹೇಳಬೇಕಾದ್ದು ಅವರ ಕರ್ತವ್ಯ, ಬೇಡ ಎನ್ನುವುದು ನಿಮ್ಮ ಹಕ್ಕು. ನಿಲುವಂಗಿ ತೊಟ್ಟು ಮಾಡುವ ಗುಂಪುಗಳೂ ಬೇಕಾದಷ್ಟಿವೆ.

ಬ್ರಿಟನ್ನಿನಲ್ಲಿ 1971ರಿಂದ ಪೇಗನ್ ಫೆಡರೇಶನ್ ಇದೆ. ಊರೂರಿನ ಪಬ್‌ಗಳಲ್ಲಿ ಮೂಟ್ ಎಂಬ ಕೂಟಗಳು ನಡೆಯುತ್ತವೆ. ಮೊದಲ ಭೇಟಿ ಅಂಥ ನಾಲ್ಕು ಜನ ಇರುವ ಜಾಗದಲ್ಲೇ ಆಗಲಿ. ಬರುವ ಮೊದಲು ಮನೆಯಲ್ಲಿ ಯಾರಿಗಾದರೂ ಹೇಳಿ ಬನ್ನಿ.

ನಾನು ಮೋಸ ಹೋದದ್ದು ಆನ್‌ಲೈನಿನಲ್ಲಿ. ಒಬ್ಬರು ಇನ್ನೂರು ಪೌಂಡಿಗೆ ದೀಕ್ಷೆ, ಸರ್ಟಿಫಿಕೇಟು ಕೊಡುತ್ತೇನೆ ಎಂದರು. ಕೊಟ್ಟೆ. ತಿಂಗಳಾದ ಮೇಲೆ "ನಿಮ್ಮ ಮೇಲೆ ಶಾಪವಿದೆ, ತೆಗೆಯಲು ಇನ್ನಷ್ಟು ಆಗುತ್ತದೆ" ಎಂದು ಬರೆದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಅಜ್ಜಿಯ ಮುಂದೆ ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು, "ಹೆದರಿಸಿ ದುಡ್ಡು ಕೇಳುವವರು ಯಾವ ದೇವಿಯ ಕಡೆಯವರೂ ಅಲ್ಲ" ಎಂದರು. ಅವಸರ ಮಾಡುವವರು, ಗುಟ್ಟಾಗಿಡು ಎನ್ನುವವರು, ಮೈ ಮುಟ್ಟಲು ನೆಪ ಹುಡುಕುವವರು, ಇವರಿಂದ ಎದ್ದು ಬನ್ನಿ. ಕಾರಣ ಹೇಳುವ ಅಗತ್ಯವೂ ಇಲ್ಲ.

ಮನೆಯವರಿಗೆ ಹೇಳುವುದು

ಭಾರತದಲ್ಲಿ ಈ ಹೆಸರು ಹಗುರವಾದದ್ದಲ್ಲ. ಜಾರ್ಖಂಡ್, ಬಿಹಾರ, ಒಡಿಶಾ, ಅಸ್ಸಾಂಗಳಲ್ಲಿ ಡಾಯನ್, ಅಂದರೆ ಮಾಟಗಾತಿ, ಎಂದು ಕರೆದು ಹೆಂಗಸರನ್ನು ಹೊಡೆದು ಕೊಂದ ಘಟನೆಗಳು ನಮ್ಮ ಕಾಲದಲ್ಲೇ ಆಗಿವೆ. ಬಿಹಾರದಲ್ಲಿ 1999ರಲ್ಲಿ ಇದರ ವಿರುದ್ಧ ಕಾನೂನು ಬಂತು. ಕರ್ನಾಟಕದಲ್ಲೂ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರದ ವಿರುದ್ಧ 2017ರ ಕಾನೂನಿದೆ, 2020ರಲ್ಲಿ ಜಾರಿಗೆ ಬಂತು. ದೀಪ ಹಚ್ಚಿ ಕೂರುವುದು ಅಪರಾಧವಲ್ಲ. ಆದರೆ ಶಕ್ತಿ ಇದೆ ಎಂದು ಹೇಳಿಕೊಂಡು ಜನರಿಗೆ ಮೋಸ ಮಾಡುವುದು, ಹಿಂಸೆ ಕೊಡುವುದು ಅಪರಾಧ. ಊರಲ್ಲಿ ಇರುವವರು ನಾನು ವಿಚ್ ಎಂದು ಬೋರ್ಡು ಹಾಕಿಕೊಳ್ಳುವ ಮೊದಲು ನಿಮ್ಮ ಸುತ್ತಲಿನ ಜನ ಹೇಗಿದ್ದಾರೆ ನೋಡಿಕೊಳ್ಳಿ. ಹೆಸರಿಲ್ಲದೆಯೂ ಚಂದ್ರನನ್ನು ನೋಡಬಹುದು.

ಅಮ್ಮನಿಗೆ ನಾನು ಎರಡು ವರ್ಷ ಹೇಳಿರಲಿಲ್ಲ. ಕೊನೆಗೆ ಒಂದು ಭಾನುವಾರ ಫೋನಿನಲ್ಲಿ ಹೇಳಿದೆ.

"ಮಾಟ ಕಲ್ತ್ಯೇನೇ?" ಧ್ವನಿ ನಡುಗುತ್ತಿತ್ತು.

"ಇಲ್ಲಮ್ಮ. ಹುಣ್ಣಿಮೆ ದಿನ ದೀಪ ಹಚ್ಚಿ, ನಾಲ್ಕು ದಿಕ್ಕಿಗೆ ಕೈ ಮುಗಿದು, ಕೊಬ್ಬರಿ ಬೆಲ್ಲ ತಿಂದು ಏಳ್ತೀನಿ."

ಸ್ವಲ್ಪ ಹೊತ್ತು ಸದ್ದಿಲ್ಲ.

"ಉಪ್ಪು ನೀರಿಗೆ ಹಾಕ್ತೀಯಾ?"

"ಹಾಕ್ತೀನಿ."

"ಆ ನೀರು ತುಳಿಯೋ ಕಡೆ ಚೆಲ್ಬೇಡ."

ಹೀಗೆ ಹೇಳಿ. ದೊಡ್ಡ ಹೆಸರುಗಳಿಂದ ಶುರು ಮಾಡಬೇಡಿ, ಏನು ಮಾಡುತ್ತೀರೋ ಅದನ್ನೇ ಬಿಡಿಸಿ ಹೇಳಿ. ಅವರು ಕೇಳುವ ಪ್ರಶ್ನೆಗೆಲ್ಲ ಉತ್ತರ ಕೊಡಿ. ಒಪ್ಪದಿದ್ದರೆ ಅವತ್ತಿಗೆ ಬಿಟ್ಟು, ಮುಂದಿನ ತಿಂಗಳು ಮತ್ತೆ ಮಾತಾಡಿ.

ಈಗ ಪ್ರತಿ ಹುಣ್ಣಿಮೆಗೆ ಅಮ್ಮನೇ ಫೋನ್ ಮಾಡುತ್ತಾಳೆ. ಸಾಗರದಲ್ಲಿ ಚಂದ್ರ ಎಷ್ಟೋ ಗಂಟೆ ಮೊದಲೇ ಹುಟ್ಟಿರುತ್ತದೆ. ಅಂಗಳದಲ್ಲಿ ನಿಂತು, "ಇಲ್ಲಿ ಅಡಿಕೆ ಮರದ ಮೇಲೆ ಬಂತು. ಅಲ್ಲಿ ಇವತ್ತೂ ಮೋಡವಾ?" ಎಂದು ಕೇಳುತ್ತಾಳೆ.